ನಾಯಿಮರಿ ಮೂಗನ್ನು ಉಚ್ಚೆಗೆ ಉಜ್ಜುವ ಜಾಣರಿಗೆ

ಇವತ್ತು ಬೆಳಿಗ್ಗೆ ಇಲ್ಲೇ ದಾವಣಗೆರೆಯ ಎಂಸಿಸಿ ಬಿ ಬ್ಲಾಕಿನಲ್ಲಿ ಒಬ್ಬ ಮಹಾನುಭಾವರು ಎರಡು ತಿಂಗಳ ಲ್ಯಾಬ್ರಡಾರ್ ಮರಿಯ ಕತ್ತು ಹಿಡಿದು, ವರಾಂಡದ ಗ್ರಾನೈಟ್ ಮೇಲೆ ಅದು ಹೊಯ್ದಿದ್ದ ಉಚ್ಚೆಗೆ ಮೂಗು ಉಜ್ಜುತ್ತಿದ್ದರು. ಮರಿ ಎರಡು ಸಲ ಸೀನಿತು, ಮೂಗು ನೆಕ್ಕಿಕೊಂಡಿತು, ಹೆದರಿಕೆಗೆ ಅಲ್ಲೇ ಇನ್ನೊಂದಿಷ್ಟು ಹೊಯ್ದಿತು. "ನೋಡ್ರಿ, ಬೇಕಂತಲೇ ಮಾಡ್ತದೆ" ಅಂದರು.

ಬೇಕಂತಲೇ ಅಂತೆ! ನನ್ನ ಬಾಯಿ ಎಂಥದ್ದು ಅಂತ ನಿಮಗೆಲ್ಲ ಗೊತ್ತೇ ಇದೆ. ಅಲ್ಲಿ ಅಂದಿದ್ದನ್ನು ಇಲ್ಲಿ ಬರೆಯೋ ಹಾಗಿಲ್ಲ. ಬರೆಯಬಹುದಾದದ್ದನ್ನು ಬರೀತೀನಿ.

ಅಲ್ರೀ, ಎರಡು ತಿಂಗಳ ಮರಿಗೆ ಉಚ್ಚೆ ತಡೆದುಕೊಳ್ಳೋ ಶಕ್ತಿ ಎಷ್ಟಿರುತ್ತೆ? ಸಾಮಾನ್ಯವಾಗಿ ಹೇಳೋ ಲೆಕ್ಕ ಇದು: ಮರಿಗೆ ಎಷ್ಟು ತಿಂಗಳೋ ಅದಕ್ಕೆ ಒಂದು ಸೇರಿಸಿ, ಅಷ್ಟು ಗಂಟೆ. 2 ತಿಂಗಳಿಗೆ 3 ಗಂಟೆ, 3 ತಿಂಗಳಿಗೆ 4. ಅದೂ ಹೆಚ್ಚೆಂದರೆ, ಅದೂ ಹಗಲು ಸುಮ್ಮನೆ ಮಲಗಿದ್ದಾಗ. ಎಚ್ಚರವಾಗಿ ಮನೆ ತುಂಬಾ ಓಡಾಡುವಾಗ ಮುಕ್ಕಾಲು ಗಂಟೆಗೊಮ್ಮೆ ಹೊರಗೆ ಒಯ್ಯಬೇಕು. ಬೆಳಿಗ್ಗೆ ಒಂದು ಸಲ, ರಾತ್ರಿ ಒಂದು ಸಲ ಗೇಟಿನಾಚೆ ಬಿಟ್ಟು "ಇದಕ್ಕೆ ಬುದ್ಧಿ ಇಲ್ಲ" ಅನ್ನೋರಿಗೆ ಏನು ಹೇಳೋದು?

ಸಮಯವೂ ಗುಟ್ಟೇನಲ್ಲ. ನಿದ್ದೆಯಿಂದ ಎದ್ದ ತಕ್ಷಣ. ಅಂದರೆ ಕಣ್ಣು ಬಿಟ್ಟ ಮರಿ ಎರಡು ಹೆಜ್ಜೆ ಇಡೋದರೊಳಗೆ ಎತ್ತಿಕೊಂಡು ಹೋಗಬೇಕು, ನೀವು ಚಪ್ಪಲಿ ಹುಡುಕುತ್ತಾ ನಿಂತರೆ ಮುಗೀತು. ಊಟ ಆದ 5ರಿಂದ 30 ನಿಮಿಷದೊಳಗೆ. ನೀರು ಕುಡಿದ ಮೇಲೆ. ಆಟದ ನಡುವೆ, ಆಟ ಮುಗಿದ ಮೇಲೆ. ಮಲಗೋ ಮುಂಚೆ. ಈ ನಡುವೆ ಮರಿ ಆಡುತ್ತಿದ್ದುದನ್ನು ತಟ್ಟನೆ ಬಿಟ್ಟು, ಮೂಗು ನೆಲಕ್ಕಿಟ್ಟು ಒಂದೇ ಕಡೆ ಸುತ್ತು ಹಾಕಲು ಶುರು ಮಾಡಿದರೆ ನಿಮಗಿರೋದು ನಾಲ್ಕೈದು ಸೆಕೆಂಡು. ಮೊಬೈಲ್ ಕೆಳಗಿಡಿ.

ಹೊರಗೆ ಹೋದ ಮೇಲೆ ಏನು ಮಾಡ್ತೀರಿ ಅನ್ನೋದೂ ಮುಖ್ಯ. ಹಗುರವಾದ ಹಗ್ಗ ಹಾಕಿ, ದಿನಾ ಅದೇ ಜಾಗಕ್ಕೆ ಹೋಗಿ, ಸುಮ್ಮನೆ ನಿಲ್ಲಿ. ಆಡಿಸಬೇಡಿ. 5 ನಿಮಿಷ ಸಾಕು. ಹೊಯ್ಯುವಾಗ ಮೆಲ್ಲಗೆ ಒಂದೇ ಮಾತು ಹೇಳಿ. "ಸುಸು" ಅಂತೀರೋ "ಉಚ್ಚೆ ಹೊಯ್ಯಿ" ಅಂತೀರೋ, ಮನೆಮಂದಿಯೆಲ್ಲ ಅದನ್ನೇ ಅನ್ನಬೇಕು. ಮುಗಿದ ಕೂಡಲೇ, ಅಂದರೆ ಒಂದೆರಡು ಸೆಕೆಂಡಿನಲ್ಲಿ, ಅಲ್ಲೇ ನಿಂತು ಕಡಲೆಕಾಳಿನಷ್ಟು ಬೇಯಿಸಿದ ಕೋಳಿ ಅಥವಾ ಮೊಟ್ಟೆ ಚೂರು ಬಾಯಿಗಿಡಿ. ಒಳಗೆ ಬಂದು ಡಬ್ಬಿ ತೆಗೆದು ಕೊಟ್ಟರೆ ಅದು ಒಳಗೆ ಬಂದಿದ್ದಕ್ಕೆ ಸಿಕ್ಕ ಬಹುಮಾನವಾಗುತ್ತೆ. (ಕೈಗೆ ಸಿಕ್ಕಿತು ಅಂತ ಸಂಜೆಯ ಖಾರ ಮಂಡಕ್ಕಿ ಹಾಕಬೇಡಿ. ಅದರಲ್ಲಿರೋ ಈರುಳ್ಳಿ ನಾಯಿಗೆ ವಿಷ. ಒಣದ್ರಾಕ್ಷಿ, ಚಾಕೊಲೇಟ್ ಕೂಡ.) ಉಚ್ಚೆ ಆದ ಕೂಡಲೇ ಒಳಗೆ ಎಳೆದುಕೊಂಡೂ ಬರಬೇಡಿ. ಹೊಯ್ದರೆ ಹೊರಗಿನ ಸುಖ ಮುಗಿಯುತ್ತೆ ಅಂತ ಗೊತ್ತಾದ ಮರಿ ತಡೆದುಕೊಂಡು ನಿಲ್ಲೋದು ಕಲಿಯುತ್ತೆ. ಎರಡು ನಿಮಿಷ ಆಡಿಸಿ. ಏನೂ ಮಾಡಲಿಲ್ಲವಾ? ಒಳಗೆ ತನ್ನಿ, 10 ನಿಮಿಷ ತೊಡೆ ಮೇಲೋ ಕಾಲ ಬಳಿಯೋ ಇಟ್ಟುಕೊಳ್ಳಿ, ಮತ್ತೆ ಹೋಗಿ. ಹೊರಗೆ ಮಾಡಲಿಲ್ಲ ಅಂತ ಒಳಗೆ ತಂದು ಬಿಟ್ಟುಬಿಡ್ತೀರಿ, ಅದು ದಿವಾನದ ಹಿಂದೆ ಹೋಗಿ ಹೊಯ್ಯುತ್ತೆ, ಆಮೇಲೆ ಮತ್ತೆ ಅದೇ ಮೂಗು ಉಜ್ಜೋ ಕಾರ್ಯಕ್ರಮ.

"ಆದ್ರೂ ಅದಕ್ಕೆ ತಪ್ಪು ಗೊತ್ತಾಗುತ್ತೆ ರೀ, ಮುಖ ಸಣ್ಣ ಮಾಡ್ಕೊಂಡು ಕೂರುತ್ತೆ" ಅಂತ ಕಾಮೆಂಟ್ ಬರುತ್ತೆ, ನನಗೆ ಗೊತ್ತು. ಅಲೆಕ್ಸಾಂಡ್ರಾ ಹೊರೊವಿಟ್ಜ್ ಅನ್ನೋ ಅಮೆರಿಕದ ಸಂಶೋಧಕಿ 2009ರಲ್ಲಿ ಇದನ್ನೇ ಪರೀಕ್ಷೆಗೆ ಹಚ್ಚಿದ್ದರು. ತಿಂಡಿ ಇಟ್ಟು, ತಿನ್ನಬೇಡ ಅಂತ ನಾಯಿಗೆ ಹೇಳಿ ಮಾಲೀಕರು ಹೊರಗೆ ಹೋಗೋದು, ಬಂದ ಮೇಲೆ ಕೆಲವರಿಗೆ "ನಿಮ್ಮ ನಾಯಿ ತಿಂದುಬಿಡ್ತು" ಅಂತ ಸುಳ್ಳು ಹೇಳಿ ಬೈಸೋದು. ತಪ್ಪಿತಸ್ಥ ಮುಖಕ್ಕೂ ತಪ್ಪಿಗೂ ಸಂಬಂಧ ಸಿಗಲಿಲ್ಲ, ಬೈಗುಳಕ್ಕೆ ಸಿಕ್ಕಿತು. ಏನೂ ತಿನ್ನದೆ ಬೈಸಿಕೊಂಡ ನಾಯಿಗಳೇ ಹೆಚ್ಚು ಮುಖ ಸಣ್ಣ ಮಾಡಿದ್ದವು. ನೀವು ನೋಡ್ತಿರೋದು ಪಶ್ಚಾತ್ತಾಪ ಅಲ್ಲ, ಹೆದರಿಕೆ. ಹೊಯ್ದು 10 ನಿಮಿಷ ಆದ ಮೇಲೆ ಹಿಡಿದು ಉಜ್ಜಿದರೆ ಮರಿಗೆ ತಿಳಿಯೋದು ಒಂದೇ: ಈ ಮನುಷ್ಯ ಇದ್ದಕ್ಕಿದ್ದಂತೆ ಮೈಮೇಲೆ ಬರ್ತಾನೆ. ಕಣ್ಣೆದುರೇ ಹೊಯ್ಯುತ್ತಿದ್ದರೆ ಕಿರುಚದೆ "ಏ ಏ" ಅಂತ ಸಣ್ಣಗೆ ಸದ್ದು ಮಾಡಿ, ಎತ್ತಿಕೊಂಡು ಅದರ ಜಾಗಕ್ಕೆ ಹೋಗಿ. ಮುಗಿದಿದ್ದನ್ನು ನೋಡಿದಿರಾ? ಬಟ್ಟೆ ತಗೊಂಡು ಒರೆಸಿ. ಅಷ್ಟೇ ನಿಮ್ಮ ಕೆಲಸ.

ಒರೆಸೋದರಲ್ಲೂ ನಮ್ಮ ಜನ ಎಡವೋದೇ. ಫಿನಾಯಿಲ್ ಸುರಿದು ಮನೆ ಘಮಘಮ ಅಂತಿದೆ ಅಂದುಕೊಳ್ತಾರೆ. ಅದು ನಿಮ್ಮ ಮೂಗಿಗೆ ಮಾತ್ರ. ಫಿನಾಯಿಲ್ ಉಚ್ಚೆ ವಾಸನೆಯನ್ನು ಮುಚ್ಚುತ್ತೆ, ಒಡೆಯೋದಿಲ್ಲ. ಮರಿಗೆ ಕೆಳಗಿನ ವಾಸನೆ ಸಿಕ್ಕೇ ಸಿಗುತ್ತೆ, ಮತ್ತೆ ಅಲ್ಲೇ ಹೊಯ್ಯುತ್ತೆ. ಒದ್ದೆ ನೆಲದ ಮೇಲೆ ನಡೆದು ಕಾಲು ನೆಕ್ಕಿದರೆ ಅದು ಹೊಟ್ಟೆಗೂ ಹೋಗುತ್ತೆ. ಬ್ಲೀಚಿಂಗ್ ಪೌಡರ್ ಅಂತೂ ಉಚ್ಚೆ ಮೇಲೆ ಹಾಕಲೇಬೇಡಿ, ಉಚ್ಚೆಯಲ್ಲಿರೋ ಅಮೋನಿಯಾ ಜೊತೆ ಸೇರಿ ಕೆಟ್ಟ ಗ್ಯಾಸ್ ಏಳುತ್ತೆ. ಮೊದಲು ಹಳೇ ಕಾಟನ್ ಬಟ್ಟೆ ಒತ್ತಿ ಹೀರಿಸಿ, ತಿಕ್ಕಿ ಹರಡಬೇಡಿ. ಆಮೇಲೆ ಸೋಪಿನ ನೀರು. ಕೊನೆಗೆ ಎಂಜೈಮ್ (ವಾಸನೆಯನ್ನು ಒಡೆಯೋ ಜೈವಿಕ ವಸ್ತು) ಇರೋ ಕ್ಲೀನರ್ ಹಾಕಿ, 10-15 ನಿಮಿಷ ಹಸಿಯಾಗೇ ಬಿಟ್ಟು ಒರೆಸಿ. ಅದು ಸಿಗದಿದ್ದರೆ ವಿನೆಗರ್ ಅರ್ಧ, ನೀರು ಅರ್ಧ. ಕಡಪ ಕಲ್ಲು, ಶಹಾಬಾದ್ ಕಲ್ಲು, ಮಾರ್ಬಲ್ ಇರೋ ಮನೆಯಲ್ಲಿ ವಿನೆಗರ್ ಬೇಡ, ಅವು ಸುಣ್ಣದ ಕಲ್ಲಿನ ಜಾತಿ, ಹುಳಿ ತಗುಲಿದರೆ ಹೊಳಪು ಹೋಗಿ ಮಚ್ಚೆ ಬೀಳುತ್ತೆ. ಮೊದಲು ಉಚ್ಚೆ ಹೀರಿಸಿದ ಬಟ್ಟೆ ಇದೆಯಲ್ಲ, ಅದನ್ನು ಬಿಸಾಡಬೇಡಿ. ಮರಿ ಎಲ್ಲಿ ಹೋಗಬೇಕೋ ಅಲ್ಲಿಡಿ. ಮೂಗಿಗೆ ತೋರಿಸಲೇಬೇಕು ಅಂತಿದ್ದರೆ ಅಲ್ಲಿ ತೋರಿಸಿ!

ಕಾಲೊರಸೋ ಮ್ಯಾಟು, ಚಾಪೆ ಎಲ್ಲ ಎರಡು ತಿಂಗಳು ಎತ್ತಿಡಿ. ಎಂಟ್ಹತ್ತು ವಾರದ ಮರಿ ಕಾಲಿಗೆ ಯಾವ ನೆಲ ಹಿತವಾಗಿ ಸಿಗುತ್ತೋ ಅದನ್ನೇ ಉಚ್ಚೆಯ ಜಾಗ ಅಂತ ಗಟ್ಟಿ ಮಾಡಿಕೊಳ್ಳುತ್ತೆ. ಮೆತ್ತಗಿದ್ದು ಹೀರಿಕೊಳ್ಳೋದು ಮ್ಯಾಟೇ. ಪೇಪರ್ ಹಾಸಿ ಕಲಿಸಿದರೆ ಪೇಪರನ್ನೇ ಕಲಿಯುತ್ತೆ, ಬೆಳಿಗ್ಗೆ ಹುಡುಗ ಎಸೆದು ಹೋದ ಪತ್ರಿಕೆಯನ್ನೂ ಬಿಡೋದಿಲ್ಲ.

ಮೊದಲನೇ ಮಹಡಿ ಬಾಡಿಗೆ ಮನೆಯವರಿಗೆ ನಾನು ಹೇಳೋದು ಮರಳು. ಟೆರೇಸಿನ ನೆರಳಿರೋ ಮೂಲೆಯಲ್ಲಿ ಇಟ್ಟಿಗೆ ಮಲಗಿಸಿ 2 ಅಡಿಗೆ 2 ಅಡಿ ಚೌಕ ಮಾಡಿ, ಲ್ಯಾಬ್ರಡಾರ್‌ನಂಥ ದೊಡ್ಡ ಜಾತಿಯಾದರೆ 3 ಅಡಿ. ಒಳಗೆ ದಪ್ಪ ಪ್ಲಾಸ್ಟಿಕ್ ಶೀಟ್, ಮೇಲೆ ಮೂರು ಇಂಚು ಮರಳು. ಕಕ್ಕ ದಿನಾ ಎತ್ತಬೇಕು. ಜಂತುಹುಳದ ಮೊಟ್ಟೆ ಸೋಂಕು ಹರಡೋ ಹಂತಕ್ಕೆ ಬರಲು ಕೆಲವು ದಿನವಾದರೂ ಬೇಕು, ದಿನಾ ಎತ್ತಿದರೆ ಆ ತಲೆನೋವಿಲ್ಲ. ಒದ್ದೆ ಮರಳನ್ನು ಎರಡು ದಿನಕ್ಕೊಮ್ಮೆ, ಪೂರ್ತಿ ಮರಳನ್ನು ವಾರಕ್ಕೊಮ್ಮೆ ಬದಲಾಯಿಸಿ. ನೆರಳು ಅಂದಿದ್ದು ಸುಮ್ಮನೆ ಅಲ್ಲ. ನಮ್ಮೂರಿನ ಏಪ್ರಿಲ್ ಬಿಸಿಲಿಗೆ ಕಾದ ಟೆರೇಸಿನ ಮೇಲೆ ಮಧ್ಯಾಹ್ನ ಬರಿಗಾಲಲ್ಲಿ ನಿಂತು ನೋಡಿ, ಮರಿ ಯಾಕೆ ಮೆಟ್ಟಿಲಿಂದಲೇ ವಾಪಸ್ ಓಡುತ್ತೆ ಅಂತ ತಿಳಿಯುತ್ತೆ. ಉಚ್ಚೆ ಕಡಿಮೆಯಾಗಲಿ ಅಂತ ಹಗಲು ನೀರು ಕೊಡದವರೂ ಇದ್ದಾರೆ. ಅವರ ಬಗ್ಗೆ ಬರೆದರೆ ಈ ಪೋಸ್ಟ್ ಫೇಸ್‌ಬುಕ್ಕಿನವರೇ ತೆಗೀತಾರೆ.

ಕುಂದುವಾಡ ಕೆರೆ ಕಡೆ ವಾಕಿಂಗ್ ಕರೆದೊಯ್ದು ಅಲ್ಲೇ ಕಲಿಸ್ತೀನಿ ಅನ್ನೋರು ಲಸಿಕೆ ಮುಗಿಯೋವರೆಗೆ ತಡೀರಿ. ಮರಿಗಳಿಗೆ ರಕ್ತಭೇದಿ ತರೋ ಪಾರ್ವೋ ವೈರಸ್ ಮಣ್ಣಲ್ಲಿ ತಿಂಗಳುಗಟ್ಟಲೆ ಉಳಿಯುತ್ತೆ. ಆರರಿಂದ ಎಂಟು ವಾರಕ್ಕೆ ಶುರುವಾಗೋ ಲಸಿಕೆ, ಮೂರು ನಾಲ್ಕು ವಾರಕ್ಕೊಂದರಂತೆ 16 ವಾರದವರೆಗೆ ನಡೆಯುತ್ತೆ. ಅಲ್ಲಿವರೆಗೆ ನಿಮ್ಮ ಕಾಂಪೌಂಡು, ನಿಮ್ಮ ಟೆರೇಸು.

ಊಟಕ್ಕೂ ಇದಕ್ಕೂ ನೇರ ಸಂಬಂಧ. ಹೊತ್ತಲ್ಲದ ಹೊತ್ತಲ್ಲಿ ತಿಂದ ಮರಿ ಹೊತ್ತಲ್ಲದ ಹೊತ್ತಲ್ಲೇ ಹೋಗುತ್ತೆ. ದಿನಕ್ಕೆ ಮೂರು ನಾಲ್ಕು ಸಲ, ಅದೇ ಹೊತ್ತಿಗೆ ಕೊಡಿ. 15 ನಿಮಿಷ ಆದ ಮೇಲೆ ತಟ್ಟೆ ಎತ್ತಿಬಿಡಿ. ರಾತ್ರಿ ಊಟ ಏಳೂವರೆಯೊಳಗೆ. ಹಸುವಿನ ಹಾಲು-ಬ್ರೆಡ್ಡು ಹಾಕಿ ಭೇದಿ ಹತ್ತಿಸಿ, ಆಮೇಲೆ "ಎಲ್ಲಂದರಲ್ಲಿ ಮಾಡ್ತದೆ" ಅಂದರೆ ಹೇಗೆ? ಜಂತುಹುಳ ಇದ್ದರೂ ಹೀಗೇ. ಔಷಧ ಹಾಕಿಸಿ. ಗಳಿಗೆಗೊಮ್ಮೆ ಹನಿ ಹನಿ ಹೊಯ್ಯುತ್ತಿದ್ದರೆ, ತಿಣುಕುತ್ತಿದ್ದರೆ, ಉಚ್ಚೆ ಕೆಂಪಗಿದ್ದರೆ ಅದು ತರಬೇತಿ ವಿಷಯವೇ ಅಲ್ಲ, ಪಶು ಆಸ್ಪತ್ರೆಗೆ ಒಯ್ಯಿರಿ.

ರಾತ್ರಿ? ಎರಡು ತಿಂಗಳ ಮರಿಯಾದರೆ ಒಂದೋ ಎರಡೋ ಸಲ ಏಳಲೇಬೇಕು. ಮೊಬೈಲಿಗೆ ಅಲಾರಂ ಇದೆ. ದೀಪ ಹಾಕದೆ, ಮಾತಾಡದೆ ಎತ್ತಿಕೊಂಡು ಹೋಗಿ, ಮುಗಿಸಿಕೊಂಡು ಬಂದು ಮಲಗಿಸಿ. ನಾಲ್ಕು ತಿಂಗಳ ಹೊತ್ತಿಗೆ ಬಹಳಷ್ಟು ಮರಿಗಳು ರಾತ್ರಿ ನಿದ್ದೆಯಲ್ಲಿ ಹಗಲಿಗಿಂತ ಹೆಚ್ಚು, ಆರೇಳು ಗಂಟೆ ತಡೀತಾವೆ. ಮಲಗೋ ಗೂಡು ಅದು ನಿಂತು, ತಿರುಗಿ, ಕಾಲು ಚಾಚಿ ಮಲಗುವಷ್ಟೇ ಇರಲಿ. ದೊಡ್ಡದಾದರೆ ಒಂದು ಮೂಲೆಯಲ್ಲಿ ಮಲಗಿ ಇನ್ನೊಂದು ಮೂಲೆಯಲ್ಲಿ ಹೊಯ್ಯುತ್ತೆ. ಆದರೆ ಅಂಗಡಿ ಪಂಜರದಲ್ಲಿ ಬೆಳೆದ ಮರಿಗೆ ಈ ಗೂಡಿನ ಉಪಾಯ ನಡೆಯೋದು ಕಷ್ಟ, ಮಲಗೋ ಜಾಗದಲ್ಲೇ ಹೋಗೋದು ಅದಕ್ಕೆ ಅಭ್ಯಾಸವಾಗಿರುತ್ತೆ. ಮೂರು ವಾರಕ್ಕೇ ಮರಿಗಳು ಮಲಗೋ ಜಾಗ ಬಿಟ್ಟು ಆಚೆ ಹೋಗಲು ಶುರು ಮಾಡ್ತಾವೆ, ಆ ಪಾಠ ಕೆಡಿಸೋರು ನಾವೇ. 8 ವಾರ ತುಂಬದ ಮರಿ ಮಾರೋ ಹಾಗಿಲ್ಲ ಅಂತ 2017ರ ಕೇಂದ್ರ ನಿಯಮವೇ ಇದೆ. 30 ದಿನದ ಮರಿ ಕೊಳ್ಳೋರು ಇರೋವರೆಗೆ ಮಾರೋರೂ ಇರ್ತಾರೆ.

"ನಮ್ಮಜ್ಜನ ಕಾಲದಲ್ಲೂ ಮೂಗು ಉಜ್ಜಿಯೇ ಕಲಿಸಿದ್ದು, ನಾಯಿ ಕಲೀಲಿಲ್ವಾ?" ಇದು ಕೊನೇ ಅಸ್ತ್ರ. ಸ್ವಾಮೀ, ಅಜ್ಜನ ನಾಯಿ ಹಿತ್ತಿಲಲ್ಲಿ, ಕಣದಲ್ಲಿ, ಕುರಿ ಹಟ್ಟಿ ಬಾಗಿಲಲ್ಲಿ ಇತ್ತು. ಅದಕ್ಕೆ ಮನೆಯೊಳಗೆ ಹೊಯ್ಯೋ ಅವಕಾಶವೇ ಇರಲಿಲ್ಲ. ಇನ್ನು ಒಳಗೆ ಸಾಕಿದ್ದು ಕಲಿತಿದ್ದರೆ ಅದು ಆರು ತಿಂಗಳು ತುಂಬಿ ತಡೆಯೋ ಶಕ್ತಿ ಬಂತು ಅಂತ ಕಲಿತದ್ದು, ಹೊಡೆತದಿಂದಲ್ಲ. ಹೊಗಳಿಕೆ ಮಾತ್ರ ಹೊಡೆದವರಿಗೆ ಬಂತು.

ಉಜ್ಜಿಸಿಕೊಂಡ ಮರಿ ನಿಜಕ್ಕೂ ಕಲಿಯೋದು ಎರಡು ವಿದ್ಯೆ. ಒಂದು, ನಿಮಗೆ ಕಾಣದ ಹಾಗೆ ಬೀರು ಹಿಂದೆ, ಮಂಚದ ಕೆಳಗೆ ಹೊಯ್ಯೋದು. ಎರಡು, ಹೊರಗೆ ಹಗ್ಗ ಹಿಡಿದು ಅರ್ಧ ಗಂಟೆ ನಿಂತರೂ ನಿಮ್ಮೆದುರು ಹೊಯ್ಯದೇ ಇರೋದು. ಕೆಲವು ನೀವು ಬಗ್ಗಿ ಕೈ ಚಾಚಿದರೆ ಸಾಕು, ಮೈ ಕುಗ್ಗಿಸಿ ಅಲ್ಲೇ ಬಿಟ್ಟುಬಿಡ್ತಾವೆ. ಅದಕ್ಕೂ ಬೈದರೆ ಇನ್ನೂ ಜಾಸ್ತಿ. ಅಂಥ ಮರಿಯನ್ನು ಮಾತಾಡಿಸುವಾಗ ಮೇಲಿಂದ ಬಗ್ಗಬೇಡಿ. ಪಕ್ಕಕ್ಕೆ ತಿರುಗಿ ಕುಕ್ಕರಗಾಲಲ್ಲಿ ಕೂತು ಅದೇ ಹತ್ತಿರ ಬರಲು ಬಿಡಿ, ತಲೆ ಬಿಟ್ಟು ಗದ್ದದ ಕೆಳಗೆ ಮುಟ್ಟಿ. ಮನೆಗೆ ಬಂದ ನೆಂಟರಿಗೂ ಮೊದಲ ಐದು ನಿಮಿಷ ಅದರ ಕಡೆ ನೋಡಬೇಡಿ ಅಂತ ಹೇಳಿ. ಹೊರಗೆ ಹೋದಾಗ ಮೂರು ನಾಲ್ಕು ಮೀಟರ್ ಉದ್ದದ ಹಗ್ಗ ಬಿಟ್ಟು, ನೀವು ಬೆನ್ನು ತಿರುಗಿಸಿ ನಿಲ್ಲಿ. ಹೊಯ್ದ ಸದ್ದು ಕೇಳಿದ ಮೇಲೆ ಕೋಳಿ ಚೂರನ್ನು ಕೈಯಲ್ಲಿ ಕೊಡೋದೂ ಬೇಡ, ಅದರ ಕಡೆಗೆ ನೆಲದ ಮೇಲೆ ಉರುಳಿಸಿ.