ಕಫದ ಮೊದಲ ಪರೀಕ್ಷೆ: ಸ್ಲೈಡೋ, ಚಿಪ್ಪೋ?

ಪ್ರಶ್ನೆ: ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕ್ಷಯ ಪತ್ತೆಗೆ ಸೂಕ್ಷ್ಮದರ್ಶಕ ಬಿಟ್ಟು ಮಾಲಿಕ್ಯುಲರ್ ಪರೀಕ್ಷೆಯನ್ನೇ (ಬ್ಯಾಕ್ಟೀರಿಯಾದ ಡಿಎನ್‌ಎ ಹುಡುಕುವ ಪರೀಕ್ಷೆ) ಮೊದಲು ಮಾಡಬೇಕೆ?

ಪರ

ಎರಡು ವಾರ ದಾಟಿದ ಕೆಮ್ಮು, ಸಂಜೆ ಜ್ವರ, ಇಳಿಯುತ್ತಿರುವ ತೂಕ. ಇಂಥವರ ಕಫವನ್ನು ಗಾಜಿನ ಸ್ಲೈಡಿಗೆ ಹಚ್ಚಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕ್ಷಯದ ಬ್ಯಾಕ್ಟೀರಿಯಾ ಕಣ್ಣಿಗೆ ಬೀಳಬೇಕಾದರೆ ಒಂದು ಮಿಲಿಲೀಟರಿನಲ್ಲಿ 5,000ದಿಂದ 10,000 ಇರಬೇಕು. ಕಡಿಮೆಯಿದ್ದರೆ ವರದಿ ‘ನೆಗೆಟಿವ್’. ರೋಗಿ ಕೆಮ್ಮಿನ ಔಷಧಿ ಹಿಡಿದು ಮನೆಗೆ ಹೋಗುತ್ತಾರೆ, ಮನೆಮಂದಿಯ ನಡುವೆಯೇ ಕೆಮ್ಮುತ್ತಿರುತ್ತಾರೆ. ಮಾಲಿಕ್ಯುಲರ್ ಪರೀಕ್ಷೆ ಮಾಡುವ ಸಿಬಿನ್ಯಾಟ್ ಯಂತ್ರದ ‘ಎಕ್ಸ್‌ಪರ್ಟ್’ ಕಾರ್ಟ್ರಿಜ್‌ಗೆ (ಕಫ ಹಾಕುವ ಪುಟ್ಟ ಡಬ್ಬಿ) ಸುಮಾರು 130 ಸಾಕು. ಮಕ್ಕಳ ಮತ್ತು ಎಚ್‌ಐವಿ ಇರುವವರ ಕಫದಲ್ಲಿ ಬ್ಯಾಕ್ಟೀರಿಯಾ ಕಡಿಮೆಯಾದ್ದರಿಂದ ಸ್ಲೈಡ್ ಹೆಚ್ಚಾಗಿ ಸೋಲುವುದು ಅವರಲ್ಲೇ.

ಇನ್ನೂ ದೊಡ್ಡ ಕೊರತೆಯೆಂದರೆ ಸ್ಲೈಡಿನಲ್ಲಿ ಔಷಧ ನಿರೋಧ, ಅಂದರೆ ಬ್ಯಾಕ್ಟೀರಿಯಾ ಔಷಧಕ್ಕೆ ಬಗ್ಗದಿರುವುದು, ಕಾಣುವುದಿಲ್ಲ. ಕ್ಷಯದ ಮುಖ್ಯ ಔಷಧವಾದ ರಿಫಾಂಪಿಸಿನ್‌ಗೆ ಬಗ್ಗದ ಬ್ಯಾಕ್ಟೀರಿಯಾಕ್ಕೂ ಬಗ್ಗುವುದಕ್ಕೂ ಅಲ್ಲಿ ಬಣ್ಣ ಒಂದೇ. ನಿರೋಧ ಗೊತ್ತಿಲ್ಲದೆ ಮಾಮೂಲಿ ನಾಲ್ಕು ಔಷಧ ಶುರು ಮಾಡಿದರೆ ತಿಂಗಳುಗಳು ವ್ಯರ್ಥ, ಉಳಿದ ಔಷಧಗಳಿಗೂ ನಿರೋಧ ಬೆಳೆಯಲು ದಾರಿ. ಎಕ್ಸ್‌ಪರ್ಟ್ ಎರಡು ಗಂಟೆಯೊಳಗೆ ರಿಫಾಂಪಿಸಿನ್ ನಿರೋಧ ತರುವ ಆರ್‌ಪಿಒಬಿ ಜೀನಿನ ಬದಲಾವಣೆಯನ್ನೂ ಹುಡುಕಿ ಹೇಳುತ್ತದೆ. ಕೆಲಸವೂ ಸರಳ: ಕಫದ ಎರಡು ಪಟ್ಟು ದ್ರಾವಣ ಬೆರೆಸಿ, ಚೆನ್ನಾಗಿ ಕುಲುಕಿ, 15 ನಿಮಿಷ ಬಿಟ್ಟು, 2 ಮಿಲಿಲೀಟರ್ ಕಾರ್ಟ್ರಿಜ್‌ಗೆ ಹಾಕುವುದು.

ಹಳ್ಳಿಯಲ್ಲಿ ಕರೆಂಟು, ಎಸಿ ಎಲ್ಲಿಂದ ಬರಬೇಕು ಎಂಬುದು ನ್ಯಾಯವಾದ ಪ್ರಶ್ನೆ. ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್ ಅಭಿವೃದ್ಧಿಪಡಿಸಿದ, ಚಿಪ್ ಬಳಸುವ ಮಾಲಿಕ್ಯುಲರ್ ಯಂತ್ರ ಟ್ರೂನ್ಯಾಟ್ ಬ್ಯಾಟರಿಯಲ್ಲೂ ನಡೆಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಅದನ್ನು ಒಪ್ಪಿದೆ. ಪತ್ತೆಗೆ ಒಂದು ಚಿಪ್, ಪಾಸಿಟಿವ್ ಬಂದರೆ ಕಫದಿಂದ ತೆಗೆದ ಅದೇ ಡಿಎನ್‌ಎ ಸಾರದಿಂದ ರಿಫಾಂಪಿಸಿನ್ ನಿರೋಧ ನೋಡಲು ಇನ್ನೊಂದು. ಇಷ್ಟು ಕೈಗೆಟುಕಿರುವಾಗ 1882ರಲ್ಲಿ ರಾಬರ್ಟ್ ಕಾಖ್ ಬ್ಯಾಕ್ಟೀರಿಯಾ ತೋರಿಸಿದ ಕಾಲದ ವಿಧಾನವನ್ನೇ ಮೊದಲ ಪರೀಕ್ಷೆಯಾಗಿ ಉಳಿಸಿಕೊಂಡರೆ ರೋಗಿಗೆ ಅನ್ಯಾಯ.

ವಿರೋಧ

ಚಿಪ್ಪಿನ ಶಕ್ತಿಯ ಬಗ್ಗೆ ತಕರಾರಿಲ್ಲ. ತಕರಾರಿರುವುದು ‘ಬಿಟ್ಟು’ ಎಂಬ ಮಾತಿಗೆ. ಚಿಪ್, ಕಾರ್ಟ್ರಿಜ್ ಮುಗಿದ ದಿನ ಯಂತ್ರ ಬರೀ ಪೆಟ್ಟಿಗೆ. ಎಕ್ಸ್‌ಪರ್ಟ್ ಕಾರ್ಟ್ರಿಜ್‌ಗಳನ್ನು 28 ಡಿಗ್ರಿ ಮೀರದಂತೆ ಇಡಬೇಕು. ಏಪ್ರಿಲ್‌ನ ಕಲಬುರಗಿಯಲ್ಲಿ ಎಸಿ ನಿಂತರೆ ದಾಸ್ತಾನಿನ ಕಥೆ ಏನು? ಸೂಕ್ಷ್ಮದರ್ಶಕಕ್ಕೆ ಮೂರು ಬಾಟಲಿ ಸಾಕು: ಕೆಂಪು ಬಣ್ಣ ಕೊಡುವ ಕಾರ್ಬಾಲ್ ಫಕ್ಸಿನ್, ಉಳಿದುದರ ಬಣ್ಣ ತೆಗೆಯುವ 25% ಸಲ್ಫ್ಯೂರಿಕ್ ಆಮ್ಲ, ಹಿನ್ನೆಲೆಗೆ ನೀಲಿ ಕೊಡುವ ಮೀಥಿಲೀನ್ ಬ್ಲೂ.

ಸ್ಲೈಡ್ ಸೋಲುತ್ತದೆ ಎನ್ನುವವರು ಏಕೆ ಸೋಲುತ್ತದೆಂದು ನೋಡಬೇಕು. ಗಾಳಿಯಲ್ಲಿ ಪೂರ್ತಿ ಒಣಗುವ ಮುನ್ನ ಕಾಯಿಸಿದರೆ ಲೇಪ ತೊಳೆದುಹೋಗುತ್ತದೆ. ಫಕ್ಸಿನ್ ಹಾಕಿ ಆವಿ ಏಳುವಷ್ಟೇ ಬಿಸಿ ಮಾಡಬೇಕು, ಕುದಿಸಿದರೆ ಬಣ್ಣದ ಹರಳುಗಳು ಕೂತು ಬ್ಯಾಕ್ಟೀರಿಯಾದಂತೆ ಮೋಸ ಮಾಡುತ್ತವೆ. ಮಸೂರದಡಿ ನೋಡಲು ಸ್ಲೈಡಿನ ಮೇಲೆ ಬಿಡುವ ಎಣ್ಣೆಯ ಡ್ರಾಪರ್ ಸ್ಲೈಡಿಗೆ ತಾಗಿದರೆ ಒಬ್ಬರ ಬ್ಯಾಕ್ಟೀರಿಯಾ ಇನ್ನೊಬ್ಬರ ವರದಿಗೆ ದಾಟಬಹುದು. 100 ಕ್ಷೇತ್ರ (ಮಸೂರದಲ್ಲಿ ಒಮ್ಮೆಗೆ ಕಾಣುವ ಭಾಗ) ನೋಡಬೇಕಾದಲ್ಲಿ 30 ನೋಡಿ ‘ನೆಗೆಟಿವ್’ ಬರೆದರೆ ತಪ್ಪು ಸೂಕ್ಷ್ಮದರ್ಶಕದ್ದಲ್ಲ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಿಂದ ಕಟ್ಟಿದ ತರಬೇತಿಯ ಪರಂಪರೆ ಇರುವುದು ಈ ಕೈಚಳಕ ಉಳಿಸಲೆಂದೇ. ಮೊದಲ ಪರೀಕ್ಷೆಯಿಂದ ಸ್ಲೈಡ್ ಹೋದರೆ ದಿನಕ್ಕೆ ನಾಲ್ಕು ಸ್ಲೈಡೂ ನೋಡದ ಟೆಕ್ನಿಷಿಯನ್‌ನ ಕಣ್ಣು ಮಂಕಾಗುತ್ತದೆ.

ಆ ಕಣ್ಣು ಚಿಕಿತ್ಸೆಯ ಉದ್ದಕ್ಕೂ ಬೇಕು. ಮಾಲಿಕ್ಯುಲರ್ ಪರೀಕ್ಷೆ ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎಯನ್ನೂ ಹಿಡಿಯುತ್ತದೆ, ಆದ್ದರಿಂದ ಔಷಧ ಫಲಿಸುತ್ತಿದೆಯೇ ಎಂದು ತಿಳಿಯಲು ಬಾರದು. ಎರಡು ತಿಂಗಳು ಮುಗಿದಾಗ ನೋಡುವುದು ಸ್ಲೈಡನ್ನೇ. ಹಿಂದೆ ಕ್ಷಯ ಬಂದು ಗುಣವಾದವರಲ್ಲಿ ಹಳೆಯ ಡಿಎನ್‌ಎ ಸಿಕ್ಕಿ ‘ಪಾಸಿಟಿವ್’ ಎಂದು ಬಂದರೆ ಬೇಡದ ಚಿಕಿತ್ಸೆ ಶುರುವಾಗುತ್ತದೆ.

ಕೊನೆಗೆ, ಡಬ್ಬಿಯಲ್ಲಿ ಇರುವುದು ಜೊಲ್ಲಾಗಿದ್ದರೆ ಯಾವ ಯಂತ್ರವೂ ಉಳಿಸದು. ಬಾಯಿ ಮುಕ್ಕಳಿಸಿ, ಎರಡು ಸಲ ದೀರ್ಘ ಉಸಿರೆಳೆದು, ಎದೆಯಾಳದಿಂದ ಕೆಮ್ಮಿ, ಬಯಲಿನಲ್ಲಿ ಅಥವಾ ಗಾಳಿ ಆಡುವ ಜಾಗದಲ್ಲಿ 2 ಮಿಲಿಲೀಟರಿಗೆ ಕಡಿಮೆಯಿಲ್ಲದಂತೆ ಕಫ ಕೊಡಲು ರೋಗಿಗೆ ಹೇಳುವ ಐದು ನಿಮಿಷ ಮೊದಲು ಸಿಗಲಿ. ಚಿಪ್ ಬಂದ ಕೇಂದ್ರದಲ್ಲಿ ಚಿಪ್ ನಡೆಯಲಿ, ಪಕ್ಕದ ಮೇಜಿನ ಮೇಲೆ ಬಣ್ಣದ ಬಾಟಲಿಗಳೂ ತುಂಬಿರಲಿ.