ಗಂಟೆಗೆ ಅರ್ಧ ಕಟಿಂಗ್ ಚಹಾ

ಮುಂಬೈ ಹತ್ತಿರದ ನಮ್ಮ ಡೊಂಬಿವಲಿ ಹೋಟೆಲಿನ ಭಟ್ರ ಮೇಲೆ ಕುದಿಯುವ ಸಾಂಬಾರಿನ ತಪ್ಪಲೆ ಮಗುಚಿದ್ದು ಬೆಳಿಗ್ಗೆ 6 ಗಂಟೆಗೆ. ಹೊಟ್ಟೆಯಿಂದ ಪಾದದವರೆಗೆ. ನಲ್ಲಿ ಪಕ್ಕದಲ್ಲೇ ಇತ್ತು, ಗಾಬರಿಯಲ್ಲಿ ಹುಡುಗರು ನೀರು ಬಿಡುವ ಬದಲು ದೋಸೆ ಹಿಟ್ಟು ಬಳಿದರು. ಹತ್ತಿರದ ನರ್ಸಿಂಗ್ ಹೋಂನಲ್ಲಿ ಒಂದು ಬಾಟಲಿ ಸಲೈನ್, ಒಂದು ನೋವಿನ ಇಂಜೆಕ್ಷನ್, ಆಮೇಲೆ ‘ದೊಡ್ಡ ಆಸ್ಪತ್ರೆಗೆ ಹೋಗಿ’. ಬರ್ನ್ಸ್ ವಾರ್ಡ್ ಮುಟ್ಟಿದಾಗ 11.

ಅಲ್ಲಿನ ಡಾಕ್ಟರ್ ಮೊದಲು ಕೇಳಿದ್ದೇ ಎಷ್ಟು ಗಂಟೆಗೆ ಸುಟ್ಟಿತು ಅಂತ. 60 ಕೆಜಿ ತೂಕ, 30 ಪರ್ಸೆಂಟ್ ಸುಟ್ಟಿದೆ, ಗುಣಿಸಿ ಮತ್ತೆ 4ರಿಂದ ಗುಣಿಸಿದರೆ 7,200 ಮಿಲಿ. 24 ಗಂಟೆಯಲ್ಲಿ ಅಷ್ಟು ಸಲೈನ್ ಹೋಗಬೇಕು, ಅರ್ಧ ಮೊದಲ 8 ಗಂಟೆಯಲ್ಲೇ. ಆ 8 ಗಂಟೆ ಶುರುವಾಗೋದು ಸುಟ್ಟ ಹೊತ್ತಿನಿಂದ. ನಮ್ಮದು 5 ಗಂಟೆ ಆಗಲೇ ಹೋಗಿತ್ತು. ನರ್ಸಿಂಗ್ ಹೋಂ ಚೀಟಿಯಲ್ಲಿ ಟೈಮೂ ಇಲ್ಲ, ಎಷ್ಟು ಸಲೈನ್ ಕೊಟ್ಟರು ಅಂತಲೂ ಇಲ್ಲ. ಈ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಎರಡು ಸಾಲು ಬರೆಯೋಕೆ ಎಷ್ಟು ಹೊತ್ತು ಬೇಕು?

ರಾತ್ರಿ ಹೊತ್ತಿಗೆ ಸುಡದೇ ಇದ್ದ ಮುಖವೂ ಊದಿತು. ಸಲೈನ್ ಜಾಸ್ತಿ ಆಯ್ತು, ನಿಲ್ಲಿಸಿ ಅಂತ ನಾನು ಜಗಳಕ್ಕೇ ನಿಂತೆ. ಸಿಸ್ಟರ್ ಕುಂದಾಪುರ ಕಡೆಯವರು. “ಅಣ್ಣಾ, ಮುಖ ನೋಡ್ಬೇಡಿ, ಚೀಲ ನೋಡಿ” ಅಂದರು. ಮಂಚಕ್ಕೆ ತೂಗಿದ್ದ ಮೂತ್ರದ ಚೀಲ. ಗಂಟೆಗೆ 30 ಮಿಲಿಯಾದರೂ ಬರಬೇಕು, ಅರ್ಧ ಕಟಿಂಗ್ ಚಹಾದಷ್ಟು (ಕಟಿಂಗ್ ಅಂದರೆ ಮುಂಬೈಯ ಸಣ್ಣ ಗ್ಲಾಸಿನ ಚಹಾ). ಬರುತ್ತಿದ್ದದ್ದು ಹತ್ತೋ ಹನ್ನೆರಡೋ, ಕಡು ಹಳದಿ. ಸುಟ್ಟಾಗ ಸಣ್ಣ ರಕ್ತನಾಳಗಳು ಸೋರುತ್ತವೆ. ನೀರು ಹೊರಗಿಳಿದು ಮೈ ಊದುತ್ತದೆ, ನಾಳದೊಳಗೆ ಮಾತ್ರ ಬರ, ಕಿಡ್ನಿಗೆ ರಕ್ತ ಸಾಲದು. ಹಾಗಂತ ಸುಮ್ನೆ ಬಾಟಲಿ ಮೇಲೆ ಬಾಟಲಿ ಏರಿಸಿದರೆ ಶ್ವಾಸಕೋಶದಲ್ಲಿ ನೀರು ತುಂಬಬಹುದು. ಅದಕ್ಕೇ ಗಂಟೆಗೊಮ್ಮೆ ಚೀಲ ಅಳೆದು ಹನಿ ಹೆಚ್ಚು ಕಡಿಮೆ ಮಾಡೋದು.

ಮೂರನೇ ದಿನ ರಕ್ತದಲ್ಲಿ ಕ್ರಿಯೇಟಿನಿನ್, ಅಂದರೆ ಕಿಡ್ನಿ ಸೋಸಿ ಹೊರಹಾಕಬೇಕಾದ ಕಸ, 2.6ಕ್ಕೆ ಏರಿತ್ತು. ಅದು ಯಾವಾಗಲೂ ತಡವಾಗಿ ಬರುವ ಸುದ್ದಿ, ಚೀಲ ಮೊದಲ ರಾತ್ರಿಯೇ ಹೇಳಿತ್ತು. ಇಳಿಯಿತು ಅನ್ನುವಾಗ ಎರಡನೇ ವಾರ ಗಾಯಕ್ಕೆ ಸೋಂಕು ತಗುಲಿ ಮತ್ತೆ ಏರಿತು. ಡಯಾಲಿಸಿಸ್ ಬಾಗಿಲಿಗೆ ಹೋಗಿ ವಾಪಸ್ ಬಂದರು.

ಪಕ್ಕದ ಮಂಚದಲ್ಲಿ ಗೂಡ್ಸ್ ರೈಲಿನ ಮೇಲೆ ಹತ್ತಿದ್ದ ಹುಡುಗ. ಇಲ್ಲಿನ ರೈಲು ತಂತಿಯಲ್ಲಿ 25,000 ವೋಲ್ಟ್. ಹೊರಗೆ ಗಾಯ ಚಿಕ್ಕದು, ಮೂತ್ರ ಮಾತ್ರ ಕೋಲಾ ಬಣ್ಣ. ಒಳಗೆ ಬೆಂದ ಮಾಂಸಖಂಡದಿಂದ ಮಯೋಗ್ಲೋಬಿನ್ ಅನ್ನುವ ಪ್ರೋಟೀನ್ ಇಳಿದು ಕಿಡ್ನಿ ಕೆಡಿಸುತ್ತದೆ.

ನೋಡೋಕೆ ಬಂದವರೆಲ್ಲ ಕೇಳಿದ್ದು ಒಂದೇ: ಕಲೆ ಉಳಿಯುತ್ತಾ? ಮೂತ್ರ ಎಷ್ಟು ಹೋಯಿತು ಅಂತ ಕೇಳೋಕೆ ನಮಗೆ ನಾಚಿಕೆ, ಅಲ್ವಾ? ಕೇಳಿ ಮಾರಾಯ್ರೇ. ಗಂಟೆಗಂಟೆಗೂ ಕೇಳಿ.

ಭಟ್ರು ಈಗ ಗಲ್ಲಾದಲ್ಲಿ ಕೂರುತ್ತಾರೆ. ಕಿಡ್ನಿಗೆ ಒಳ್ಳೇದಲ್ಲ, ಡಾಕ್ಟರನ್ನು ಕೇಳದೆ ನೋವಿನ ಮಾತ್ರೆ ನುಂಗಬಾರದು ಅಂತ ಡಿಸ್ಚಾರ್ಜ್ ಪೇಪರಿನಲ್ಲೇ ಇದೆ. ಆದರೂ ಸೊಂಟ ಹಿಡಿದರೆ ಮೆಡಿಕಲ್ ಕಡೆ ಹುಡುಗನಿಗೆ ಕಣ್ಸನ್ನೆ. ದುಡ್ಡು ಕೊಡಬೇಡ ಅನ್ನೋಣ ಅಂದರೆ ಗಲ್ಲಾ ಅವರ ಕೈಯಲ್ಲೇ ಇದೆ.