ಯಜಮಾನ ಇಲ್ಲದ ಕಟ್ಟೆ, ಪಾಸ್‌ವರ್ಡ್ ಯಾರ ಕೈಯಲ್ಲಿ?

ಹುಬ್ಬಳ್ಳಿ-ಧಾರವಾಡದಲ್ಲಿ ಯಾವುದಕ್ಕೂ ಅಡ್ಮಿನ್ ಅಲ್ಲದ ಗಂಡಸು ಸಿಗುವುದು ಈಗ ಕಷ್ಟ. ಉಣಕಲ್ ಕೆರೆಯ ಸುತ್ತ ನಡೆಯುವವರಿಗೊಂದು ವಾಟ್ಸಾಪ್ ಗುಂಪು, ನೃಪತುಂಗ ಬೆಟ್ಟ ಹತ್ತುವವರಿಗೊಂದು, ಅರ್ಧ ಹತ್ತಿ ಚಹಾಕ್ಕೆ ಇಳಿಯುವವರಿಗೆ ಮತ್ತೊಂದು. ಒಂದು ಗುಂಪಿನಲ್ಲಿ 1024 ಜನರಿಗೆ ಜಾಗ ಇದೆ. ಅಷ್ಟೂ ಜನರ ಬಾಯನ್ನು ಒಂದು ಬಟನ್ ಒತ್ತಿ ಮುಚ್ಚಿಸಬಹುದು. ‘ಅಡ್ಮಿನ್ ಮಾತ್ರ ಸಂದೇಶ ಕಳಿಸಬಹುದು’ ಎಂದು ಬಂದರೆ ಮುಗಿಯಿತು. ಇಷ್ಟು ಅಧಿಕಾರ ಪಾಲಿಕೆಯ ಮೇಯರ್‌ಗೂ ಇಲ್ಲ. ಮೇಯರ್ ಮಾತಾಡಿದರೆ ವಿರೋಧ ಪಕ್ಷದವರು ಎದ್ದು ನಿಲ್ಲುತ್ತಾರೆ. ಅಡ್ಮಿನ್ ಮಾತಾಡಿದರೆ ಎಲ್ಲರೂ ಹೆಬ್ಬೆರಳು ಎತ್ತಬೇಕು.

ಈ ದಬ್ಬಾಳಿಕೆಯ ವಿರುದ್ಧ ಕೆಲವರು ಸ್ವಾತಂತ್ರ್ಯ ಹೋರಾಟಕ್ಕೆ ಇಳಿದರು. ಮುಂದಾಳು ಧಾರವಾಡದ ನಿವೃತ್ತ ಪ್ರಾಧ್ಯಾಪಕರು. ‘ಮಾತಿನ ಹಕ್ಕು’ ಎಂಬ ಅವರ ಲೇಖನವನ್ನು ಏಳು ಭಾಗ ಆದ ಮೇಲೆ ಯಾರೋ ಅಡ್ಮಿನ್ ಅಳಿಸಿ ಹಾಕಿದ್ದ. ಎಂಟನೇ ಭಾಗ ಅವರ ಹೊಟ್ಟೆಯಲ್ಲೇ ಉಳಿದಿತ್ತು. ಜೊತೆಗೆ ದುರ್ಗದಬೈಲಿನ ಬಟ್ಟೆ ವ್ಯಾಪಾರಿ ಕಾಕಾ, ಒಬ್ಬ ವಕೀಲರು, ಗದಗ ಕಡೆಯಿಂದ ಬಂದು ಇಲ್ಲೇ ನೆಲೆ ನಿಂತ ಬ್ಯಾಂಕಿನ ನಿವೃತ್ತ ಮ್ಯಾನೇಜರ್ ಅಕ್ಕಾರು. ಮತ್ತು ಬೆಂಗಳೂರಿನ ಕಂಪನಿಗೆ ವಿದ್ಯಾನಗರದ ಮನೆಯಲ್ಲೇ ಕೂತು ಕೆಲಸ ಮಾಡುವ ಒಬ್ಬ ಹುಡುಗ. ಗಿರ್ಮಿಟ್, ಮಿರ್ಚಿ ಮುಂದಿಟ್ಟುಕೊಂಡು ಸಭೆ ನಡೆಯಿತು.

“ಮಾಸ್ಟೊಡಾನ್ ಅಂತ ಐತ್ರಿ ಸರ, ಟ್ವಿಟರ್ ಇದ್ದಂಗ. ಅದಕ್ಕ ಮಾಲಕ ಅಂತ ಯಾರೂ ಇಲ್ರಿ. ಯಾರ ಬೇಕಾದ್ರೂ ತಮ್ಮದ ಒಂದು ಸರ್ವರ್ ಹಾಕ್ಕೋಬಹುದು. ನಮ್ಮ ಸರ್ವರ್, ನಮ್ಮ ರೂಲ್ಸು. ಬ್ಯಾರೆ ಸರ್ವರಿನವರ ಜೋಡಿನೂ ಮಾತಾಡಬಹುದು” ಎಂದ ಹುಡುಗ.

“ಅಂದ್ರ ನಮ್ಮನ್ನ ಯಾರೂ ತಗದ ಹಾಕಾಂಗಿಲ್ಲ?”

“ಇಲ್ರಿ ಸರ.”

“ಮತ್ತ ನಾವು ಬ್ಯಾರೆಯವರನ್ನ?”

ಹುಡುಗ ಸ್ವಲ್ಪ ತಡೆದು, “ಅದು ಬರತೈತ್ರಿ” ಎಂದ. ಅಲ್ಲಿಗೆ ಠರಾವು ಪಾಸಾಯಿತು.

ಹುಡುಗ ಹೇಳಿದ್ದರಲ್ಲಿ ಬಹುಪಾಲು ನಿಜವೇ. ಜರ್ಮನಿಯ ಯುಗೆನ್ ರಾಚ್ಕೊ ಎಂಬ ತರುಣ 2016ರಲ್ಲಿ ಮಾಸ್ಟೊಡಾನ್ ಬಿಟ್ಟ. ಇಂಥ ಸರ್ವರುಗಳು ಒಂದಕ್ಕೊಂದು ಮಾತಾಡುವ ‘ಆಕ್ಟಿವಿಟಿಪಬ್’ ಎಂಬ ಪದ್ಧತಿಗೆ 2018ರಲ್ಲಿ ವೆಬ್ಬಿನ ಮಾನದಂಡ ರೂಪಿಸುವ ಸಂಸ್ಥೆ ಮುದ್ರೆ ಒತ್ತಿತು. 2019ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಹಿರಿಯ ವಕೀಲ ಸಂಜಯ್ ಹೆಗ್ಡೆ ಅವರ ಟ್ವಿಟರ್ ಖಾತೆ ಅಮಾನತಾದಾಗ ನಮ್ಮ ದೇಶದ ಬಹಳ ಜನ ಸಿಟ್ಟಿನಿಂದ ಅಲ್ಲಿಗೆ ಗುಳೆ ಹೋದರು. 2022ರ ಅಕ್ಟೋಬರಿನಲ್ಲಿ ಇಲಾನ್ ಮಸ್ಕ್ 44 ಬಿಲಿಯನ್ ಡಾಲರ್ ಸುರಿದು ಟ್ವಿಟರ್ ಕೊಂಡಾಗ ಜಗತ್ತಿನ ತುಂಬ ಇನ್ನೊಂದು ಗುಳೆ. ಗುಳೆ ಹೋದವರಲ್ಲಿ ಬಹಳ ಮಂದಿ ಹಬ್ಬಕ್ಕೆ ಮುಂಚೆ ಊರಿಗೆ ವಾಪಸ್ ಬಂದರು, ಆ ಮಾತು ಬೇರೆ.

ನಮ್ಮ ಕಟ್ಟೆ, ಅಂದರೆ ನಮ್ಮ ಸರ್ವರ್, ಶುರುವಾದಾಗ ಒಂದೇ ನಿಯಮ: ಇಲ್ಲಿ ನಿಯಮ ಇಲ್ಲ. ಯಾರೂ ದೊಡ್ಡವರಲ್ಲ, ಯಾರೂ ಸಣ್ಣವರಲ್ಲ. ಮೊದಲ ದಿನ ಎಲ್ಲರೂ ಒಬ್ಬರಿಗೊಬ್ಬರು ಅಭಿನಂದನೆ ಹೇಳಿಕೊಂಡರು. ಎರಡನೇ ದಿನವೂ ಹೇಳಿಕೊಂಡರು. ಆಮೇಲೆ ಗುಲಾಬಿ ಹೂವಿನ ಶುಭೋದಯ ಬಂತು. ಅದರ ಹಿಂದೆ ಬೈಪಾಸ್ ಬದಿಯ ಎನ್‌ಎ ಪ್ಲಾಟ್ ಬಂತು, ಮೂಲೆ ಸೈಟು, ಪೂರ್ವ ದಿಕ್ಕು. ಆಮೇಲೆ ಯಾರದೋ ಕೂದಲು ಉದುರುವುದಕ್ಕೆ ಎಣ್ಣೆ. ಮಾಸ್ಟೊಡಾನಿನಲ್ಲಿ ಒಂದು ಪೋಸ್ಟಿಗೆ ಸಾಮಾನ್ಯವಾಗಿ 500 ಅಕ್ಷರಗಳ ಮಿತಿ. ಪ್ರಾಧ್ಯಾಪಕರ ಒಂದು ವಾಕ್ಯಕ್ಕೇ ಅದು ಸಾಲುವುದಿಲ್ಲ. ಅವರು ಎಂಟನೇ ಭಾಗವನ್ನು ತುಂಡು ತುಂಡಾಗಿ ಹಾಕಿದರು. ಆ ತುಂಡುಗಳ ನಡುವೆ ಎಣ್ಣೆಯ ಬಾಟಲಿ ಬಂದು ನಿಲ್ಲುತ್ತಿತ್ತು.

ಅಷ್ಟಾದರೂ ಸಹಿಸಿದರು. ಸ್ವಾತಂತ್ರ್ಯ ಮುರಿದದ್ದು ಪೇಢೆಯಿಂದ. ಒಂದು ಸಂಜೆ ಕಾಕಾ ಸುಮ್ನೆ ಬರೆದರು: ‘ಪೇಢೆ ತಿನ್ನಾಕ ಧಾರವಾಡಕ್ಕ ಯಾಕ ಹೋಗಬೇಕು, ಹುಬ್ಬಳ್ಳಿ ಬಸ್‌ಸ್ಟ್ಯಾಂಡಿನ್ಯಾಗೂ ಅದ ಸಿಗತೈತಿ.’ ಧಾರವಾಡ ಪೇಢೆಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಇದೆ, ಇದು ಒಂದು ಊರಿನ ಅಸ್ಮಿತೆಯ ಮೇಲೆ ದಾಳಿ, ದ್ವೇಷ ಭಾಷಣ, ಕೂಡಲೇ ಅಳಿಸಬೇಕು ಎಂದು ರಾತ್ರಿಯೇ ದೂರು ಬಂತು. ದೂರು ಕೊಟ್ಟವರು ಯಾರು ಗೊತ್ತಲ್ವಾ? ‘ಮಾತಿನ ಹಕ್ಕು’ ಬರೆದವರೇ.

ಅಲ್ಲಿಂದ ವಕೀಲರಿಗೆ ಕೆಲಸ ಸಿಕ್ಕಿತು. ನಿಯಮ 1: ಎಲ್ಲರೂ ಸ್ವತಂತ್ರರು. ನಿಯಮ 1(ಅ): ಇತರರ ಸ್ವಾತಂತ್ರ್ಯಕ್ಕೆ ಧಕ್ಕೆ ತರುವವರನ್ನು ಹೊರತುಪಡಿಸಿ. ನಿಯಮ 1(ಆ): ಧಕ್ಕೆ ಎಂದರೆ ಏನೆಂದು ಕಾಲಕಾಲಕ್ಕೆ ತೀರ್ಮಾನಿಸಲಾಗುವುದು. ಶುಭೋದಯವನ್ನು ಬೆಳಿಗ್ಗೆ 8ರೊಳಗೆ ಹಾಕಬೇಕು. ಹೂವು ಇರಬಹುದು, ಆದರೆ ಮಿನುಗಬಾರದು. ಮೇಲಿಂದ ಅವರು ಇನ್ನೊಂದು ಬಾಂಬ್ ಹಾಕಿದರು. ಕೇಂದ್ರ ಸರ್ಕಾರದ 2021ರ ಐಟಿ ನಿಯಮಗಳ ಪ್ರಕಾರ ಇಂಥ ಜಾಗ ನಡೆಸುವವರು ದೂರು ಕೇಳಲು ಒಬ್ಬ ಅಧಿಕಾರಿಯನ್ನು ನೇಮಿಸಬೇಕು. ದೂರು ಬಂದಿದೆ ಎಂದು 24 ಗಂಟೆಯೊಳಗೆ ಒಪ್ಪಿಕೊಳ್ಳಬೇಕು. ಯಜಮಾನ ಇಲ್ಲದ ಕಟ್ಟೆಗೆ ಅಧಿಕಾರಿ! ಎಲ್ಲರೂ ಹುಡುಗನ ಮುಖ ನೋಡಿದರು.

ತೀರ್ಮಾನಗಳನ್ನು ಮತ ಹಾಕಿ ಮಾಡಲಿಲ್ಲ. ಮತ ಎಂದರೆ ಬಹುಮತದ ದಬ್ಬಾಳಿಕೆ ಎಂದು ಪ್ರಾಧ್ಯಾಪಕರು ಮೊದಲೇ ಹೇಳಿದ್ದರು. ಹಾಗಾಗಿ ಎಲ್ಲವೂ ಸರ್ವಾನುಮತ. ಅದರ ರೀತಿ ಹೀಗೆ: ಚರ್ಚೆ ಶುರುವಾಗುತ್ತದೆ. ಅಂಗಡಿ ತೆಗೆಯಬೇಕಾದವರು ಮಲಗುತ್ತಾರೆ. ಕೋರ್ಟಿಗೆ ಹೋಗಬೇಕಾದವರು ಮಲಗುತ್ತಾರೆ. ರಾತ್ರಿ 11ರ ನಂತರ ಎಚ್ಚರ ಇರುವವರ ಅಭಿಪ್ರಾಯವೇ ಸರ್ವಾನುಮತ. ಪಿಂಚಣಿ ಬರುವವರಿಗೆ ಈ ಪ್ರಜಾಪ್ರಭುತ್ವ ಬಹಳ ಒಗ್ಗುತ್ತದೆ.

ಇಷ್ಟೆಲ್ಲ ಗದ್ದಲದಲ್ಲಿ ಹುಡುಗ ಒಂದು ಮಾತೂ ಆಡಲಿಲ್ಲ. ಅವನಿಗೆ ಆಡುವ ಅಗತ್ಯವೂ ಇರಲಿಲ್ಲ. ಡೊಮೇನ್ ಅವನ ಹೆಸರಿನಲ್ಲಿ. ಸರ್ವರ್ ಬಾಡಿಗೆ ಅವನ ಕ್ರೆಡಿಟ್ ಕಾರ್ಡಿನಲ್ಲಿ. ಪಾಸ್‌ವರ್ಡ್ ಅವನ ತಲೆಯಲ್ಲಿ. ಕಾಕಾಗೆ ಒಂದು ದಿನ ಸಂಶಯ ಬಂತು.

“ತಮ್ಮಾ, ನಾ ಒಬ್ಬರಿಗೆ ಖಾಸಗಿಯಾಗಿ ಬರದದ್ದು ನಿನಗ ಕಾಣತೈತೇನು?”

“ನೋಡೂದಿಲ್ರಿ ಕಾಕಾ.”

“ನೋಡಬಹುದೇನು ಅಂತ ಕೇಳಿದೆ.”

“ಮನಸ್ಸು ಮಾಡಿದ್ರ... ಬರತೈತ್ರಿ.”

ಇದೂ ನಿಜವೇ. ಮಾಸ್ಟೊಡಾನಿನ ಖಾಸಗಿ ಸಂದೇಶಗಳಿಗೆ ವಾಟ್ಸಾಪಿನಂಥ ಬೀಗ ಇಲ್ಲ. ಸರ್ವರ್ ನಡೆಸುವವನು ಮನಸ್ಸು ಮಾಡಿದರೆ ಓದಬಹುದು. ಅಂದಿನಿಂದ ಕಾಕಾ ಖಾಸಗಿಯಾಗಿ ‘ನಮಸ್ಕಾರ, ಊಟ ಆಯ್ತಾ’ ಬಿಟ್ಟರೆ ಬೇರೇನೂ ಬರೆಯುವುದಿಲ್ಲ.

ನಮ್ಮವರದೇ ತಪ್ಪು ಎಂದು ನಗಬೇಡಿ. ಬಹಳ ಬುದ್ಧಿವಂತರೂ ಇದೇ ಕೆಸರಿನಲ್ಲಿ ಜಾರಿದ್ದಾರೆ. 2016ರಲ್ಲಿ ‘ದಿ ಡಾವೊ’ ಎಂಬ ಕೂಟ ಹುಟ್ಟಿತು. ನಿರ್ದೇಶಕರಿಲ್ಲ, ಕಚೇರಿ ಇಲ್ಲ, ಈಥೀರಿಯಂ ಎಂಬ ಬ್ಲಾಕ್‌ಚೈನ್, ಅಂದರೆ ಎಲ್ಲರ ಬಳಿಯೂ ಪ್ರತಿ ಇರುವ ಡಿಜಿಟಲ್ ಲೆಕ್ಕದ ಪುಸ್ತಕ, ಅದರ ಮೇಲೆ ಬರೆದ ಕೋಡ್ ಮಾತ್ರ. ಕೋಡೇ ಕಾನೂನು ಎಂಬುದು ಘೋಷಣೆ. ಜನ ಸುಮಾರು 150 ಮಿಲಿಯನ್ ಡಾಲರ್ ಬೆಲೆಯ ಈಥರ್ ಎಂಬ ಡಿಜಿಟಲ್ ನಾಣ್ಯ ತಂದು ಹಾಕಿದರು. ಜೂನ್‌ನಲ್ಲಿ ಒಬ್ಬ ಅದೇ ಕಾನೂನಿನ ಒಂದು ಸಂದು ಹುಡುಕಿ 36 ಲಕ್ಷ ಈಥರ್ ಹೊರಗೆ ಸಾಗಿಸಿದ. ಕೋಡೇ ಕಾನೂನು ಎಂದ ಮೇಲೆ ಅವನು ಕಾನೂನು ಪಾಲಿಸಿದವನು, ಸನ್ಮಾನ ಮಾಡಬೇಕಿತ್ತು. ಮಾಡಲಿಲ್ಲ. ಜುಲೈನಲ್ಲಿ ದೊಡ್ಡವರೆಲ್ಲ ಸೇರಿ ಲೆಕ್ಕದ ಪುಸ್ತಕವನ್ನೇ ತಿದ್ದಿ ಹೊಸ ಪುಟ ಬರೆದರು. ಒಪ್ಪದವರು ಹಳೆಯ ಪುಸ್ತಕ ಹಿಡಿದು ‘ಈಥೀರಿಯಂ ಕ್ಲಾಸಿಕ್’ ಎಂದು ಬೇರೆ ಮನೆ ಮಾಡಿದರು. ಯಜಮಾನರೇ ಇಲ್ಲದ ಮನೆಯಲ್ಲಿ ಆ ‘ದೊಡ್ಡವರು’ ಎಲ್ಲಿಂದ ಬಂದರು ಎಂದು ನನ್ನನ್ನು ಕೇಳಬೇಡಿ.

ಇನ್ನೊಂದು ಇದಕ್ಕಿಂತ ಮಜಾ. ಲೈಂಗಿಕ ಅಲ್ಪಸಂಖ್ಯಾತರ ಒಂದು ಮಾಸ್ಟೊಡಾನ್ ಸರ್ವರ್ ‘ಡಾಟ್ ಎಎಫ್’ ಎಂದು ಕೊನೆಯಾಗುವ ವಿಳಾಸ ತೆಗೆದುಕೊಂಡಿತ್ತು. ಇಂಗ್ಲಿಷಿನಲ್ಲಿ ಅದು ತುಂಟ ಅರ್ಥ ಕೊಡುತ್ತದೆ, ಅದಕ್ಕೇ ಆಸೆ. ಆದರೆ ಆ ಬಾಲ ಅಫ್ಘಾನಿಸ್ತಾನದ್ದು. 2021ರಲ್ಲಿ ಅಲ್ಲಿ ತಾಲಿಬಾನ್ ಬಂತು. 2024ರ ಫೆಬ್ರುವರಿಯಲ್ಲಿ ವಿಳಾಸ ಹೋಯಿತು. ಕೇಂದ್ರವೇ ಇಲ್ಲ ಎಂದುಕೊಂಡವರಿಗೆ ಕೇಂದ್ರ ಕಾಬೂಲಿನಲ್ಲಿತ್ತು.

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಟ್ಟಿದ ಗೀಡೋ ವಾನ್ ರೋಸಮ್ ಇವರೆಲ್ಲರಿಗಿಂತ ಪ್ರಾಮಾಣಿಕ ಎನ್ನಬೇಕು. ಅವರಿಗೆ ‘ಜೀವನಪರ್ಯಂತ ದಯಾಳು ಸರ್ವಾಧಿಕಾರಿ’ ಎಂಬ ಬಿರುದಿತ್ತು. ತಮಾಷೆಯದೇ, ಆದರೆ ಬೋರ್ಡು ಬಾಗಿಲ ಮೇಲೇ ಇತ್ತು. 2018ರ ಜುಲೈನಲ್ಲಿ ಒಂದು ಕೋಲನ್ನಿನ ಪಕ್ಕ ಸಮ ಚಿಹ್ನೆ ಇಡಬೇಕೋ ಬೇಡವೋ ಎಂಬ ಜಗಳದಲ್ಲಿ ಬೇಸತ್ತು ಇಳಿದರು. ಉಳಿದವರು ಚುನಾವಣೆ ಮಾಡಿ ಐದು ಜನರ ಮಂಡಳಿ ಆರಿಸಿಕೊಂಡರು. ನಮ್ಮ ಪೇಢೆಯೆದುರು ಕೋಲನ್ ಏನೂ ಅಲ್ಲ ಬಿಡಿ.

ಪೇಢೆ ಆರಲಿಲ್ಲ. ಧಾರವಾಡದವರು ಬೇರೆ ಸರ್ವರ್ ಬೇಕೆಂದರು. ಇದಕ್ಕೆ ಅವರ ಬಳಿ ಪೂರ್ವೋದಾಹರಣೆಯೂ ಇತ್ತು. 1962ರಲ್ಲಿ ಎರಡೂ ಊರಿಗೆ ಸೇರಿ ಒಂದು ಪಾಲಿಕೆ ಆಯಿತು. 2025ರ ಜನವರಿಯಲ್ಲಿ ಸಚಿವ ಸಂಪುಟ ಧಾರವಾಡಕ್ಕೆ ಬೇರೆ ಪಾಲಿಕೆ ಎಂದು ಒಪ್ಪಿತು. ಸರ್ಕಾರವೇ ಒಪ್ಪಿದ ಮೇಲೆ ನಾವು ಯಾಕೆ ಕೂಡಿರಬೇಕು? ಬೇರೆಯಾದರು. ಬೇರೆಯಾದ ವಾರದಲ್ಲೇ ಒಂದು ಸರ್ವರ್ ಇನ್ನೊಂದನ್ನು ಬ್ಲಾಕ್ ಮಾಡಿತು. ಇನ್ನೊಂದು ಇದನ್ನು ಬ್ಲಾಕ್ ಮಾಡಿತು. ಮಾಸ್ಟೊಡಾನಿನಲ್ಲಿ ಇದಕ್ಕೆ ಪೂರ್ತಿ ಅವಕಾಶ ಇದೆ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಚಿಗರಿ ಬಸ್ಸು ಒಂದರ ಹಿಂದೊಂದು ಹೋಗುತ್ತಲೇ ಇರುತ್ತದೆ. ಪೋಸ್ಟು ಮಾತ್ರ ಹೋಗುವುದಿಲ್ಲ.

ಎರಡೂ ಬಣದವರು ವಿಜಯೋತ್ಸವ ಆಚರಿಸಿದ ಮೇಲೆ ಅಕ್ಕಾರು ಹುಡುಗನನ್ನು ಕೇಳಿದರು. “ಅಲ್ಲಪಾ, ಧಾರವಾಡದ ಸರ್ವರ್ ಯಾರು ನಡಸ್ತಾರು?”

“ನಾನ ರೀ ಅಕ್ಕಾರ.”

“ಹುಬ್ಬಳ್ಳೀದು?”

“ಅದೂ ನಾನ ರೀ. ಎರಡೂ ಒಂದ ಮಷೀನಿನ್ಯಾಗ ಅದಾವ್ರಿ. ರೊಕ್ಕ ಉಳೀತೈತಿ.”

ಅಕ್ಕಾರಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ಅವರು ತಮ್ಮ ಗದಗ ತಾಲ್ಲೂಕಿನ ಕಣಗಿನಹಾಳದ ಕಥೆ ತೆಗೆದರು. 1904ರಲ್ಲಿ ಬ್ರಿಟಿಷರು ಸಹಕಾರ ಪತ್ತಿನ ಸಂಘಗಳ ಕಾಯ್ದೆ ತಂದರು. ಮರುವರ್ಷವೇ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಆ ಸಣ್ಣ ಹಳ್ಳಿಯಲ್ಲಿ ರೈತರ ಪತ್ತಿನ ಸಂಘ ಕಟ್ಟಿದರು. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಎಂದು ಅದಕ್ಕೆ ಹೆಸರು. ಅಲ್ಲಿ ಸಾಲ ತೀರಿಸುವ ಕಾಲಕ್ಕೆ ಯಾರೂ ‘ನಾವೆಲ್ಲ ಸಮಾನರು, ಅಧ್ಯಕ್ಷರೇ ಬೇಡ’ ಎನ್ನಲಿಲ್ಲ. ಅಧ್ಯಕ್ಷರ ಹೆಸರು ಗೊತ್ತಿತ್ತು. ಲೆಕ್ಕದ ಪುಸ್ತಕ ಯಾರ ಮನೆಯಲ್ಲಿದೆ ಎಂಬುದೂ ಗೊತ್ತಿತ್ತು. ಸಹಕಾರದ ಹಳೆಯ ರೂಢಿಯಲ್ಲಿ ಷೇರು ಎಷ್ಟೇ ಇರಲಿ, ಒಬ್ಬರಿಗೆ ಒಂದೇ ಮತ. ಡಾವೊದಂಥ ಕೂಟಗಳಲ್ಲಿ ರೊಕ್ಕ ಹಾಕಿ ಪಡೆದ ಟೋಕನ್ ಎಷ್ಟಿದೆಯೋ ಅಷ್ಟು ಮತ. ರೊಕ್ಕ ಜಾಸ್ತಿ ಇದ್ದವನ ಮಾತು ಜಾಸ್ತಿ ನಡೆಯುವುದಕ್ಕೆ ಬ್ಲಾಕ್‌ಚೈನ್ ಯಾಕೆ ಬೇಕಿತ್ತೋ, ನಮ್ಮ ಯಾವ ಹಳ್ಳಿಯ ಗೌಡರೂ ಅದನ್ನು ಹಾಗೆಯೇ ನಡೆಸಿದ್ದರು.

“ಬರದ ಇಡ್ರಿ. ಯಾರು ನಡಸ್ತಾರು, ಎಷ್ಟು ದಿನ ನಡಸ್ತಾರು, ಹೆಂಗ ಇಳಸೂದು. ಮೂರ ಸಾಲು” ಎಂದರು ಅಕ್ಕಾರು.

ಇದು ಬಹಳ ಸರಳ ಆಯಿತು ಎಂದು ಎಲ್ಲರಿಗೂ ಅನ್ನಿಸಿತು. ಮಾಸ್ಟೊಡಾನಿನ ರಾಚ್ಕೊ ಕೂಡ ಹತ್ತಿರ ಹತ್ತಿರ ಹತ್ತು ವರ್ಷ ತನ್ನ ಕೈಯಲ್ಲೇ ಇಟ್ಟುಕೊಂಡ ಮೇಲೆ, 2025ರ ಜನವರಿಯಲ್ಲಿ ಒಡೆತನವನ್ನು ಲಾಭರಹಿತ ಸಂಸ್ಥೆಗೆ ಬಿಡುತ್ತೇವೆ ಎಂಬ ಪ್ರಕಟಣೆ ಬಂತು. ನಮ್ಮವರಿಗೆ ಅಷ್ಟು ತಡ ಆಗಲಿಲ್ಲ. ಅಕ್ಕಾರ ಮೂರು ಸಾಲನ್ನು ವಕೀಲರು ಹನ್ನೆರಡು ಪುಟ ಮಾಡಿದರು. ಅದರ ಸಾರಾಂಶ: ಅಧಿಕಾರ ಯಾರೊಬ್ಬರ ಕೈಯಲ್ಲೂ ಇರಬಾರದು. ಆದ್ದರಿಂದ ಮಷೀನಿನ ಪಾಸ್‌ವರ್ಡನ್ನು ಎರಡು ತುಂಡು ಮಾಡಬೇಕು. ಮೊದಲ ಅರ್ಧ ಹುಬ್ಬಳ್ಳಿಗೆ, ಅಂದರೆ ಕಾಕಾಗೆ. ಉಳಿದರ್ಧ ಧಾರವಾಡಕ್ಕೆ, ಅಂದರೆ ಪ್ರಾಧ್ಯಾಪಕರಿಗೆ. ಹುಡುಗ ಚೀಟಿಗಳನ್ನು ಬರೆದುಕೊಟ್ಟು, ತಾನೂ ಮರೆತೆ ಎಂದು ಹೇಳಿ, ಬಹಳ ದಿನಗಳ ನಂತರ ಚೆನ್ನಾಗಿ ನಿದ್ದೆ ಮಾಡಿದ.

ಅದೇ ರಾತ್ರಿ ಎರಡೂ ಸರ್ವರಿನಲ್ಲಿ ಒಂದು ಜಾಹೀರಾತು ಬಂದು ಕೂತಿತು. ಒಂದು ವಾರದಲ್ಲಿ ಹಣ ಡಬಲ್, ಇಂದೇ ಸೇರಿ. ಅಳಿಸಬೇಕಾದರೆ ಎರಡೂ ಚೀಟಿ ಒಂದು ಕಡೆ ಸೇರಬೇಕು. ನಡುವೆ ನವನಗರದಲ್ಲಿ ಭೇಟಿಯಾಗೋಣ ಎಂದರು ಹುಬ್ಬಳ್ಳಿಯವರು. ನವನಗರ ಹುಬ್ಬಳ್ಳಿಗೆ ಹತ್ತಿರ, ಇದು ಸಮಾನತೆಗೆ ವಿರುದ್ಧ, ರಾಯಾಪುರಕ್ಕೆ ಬನ್ನಿ ಎಂದರು ಧಾರವಾಡದವರು. ನಿಜವಾದ ನಡು ಯಾವುದೆಂದು ಅಳೆಯಲು ಉಪಸಮಿತಿ ಆಗಿದೆ. ಉಪಸಮಿತಿಗೆ ಅಧ್ಯಕ್ಷರಿಲ್ಲ, ತತ್ವದ ಪ್ರಶ್ನೆ. ಹುಡುಗನನ್ನು ಕೇಳಿದರೆ, “ನನ್ನ ಕಡೆ ಏನೂ ಇಲ್ರಿ ಸರ, ಈಗ ವಿಕೇಂದ್ರೀಕರಣ ಆಗೇತಿ” ಎನ್ನುತ್ತಾನೆ.

ಜಾಹೀರಾತು ಇನ್ನೂ ಅಲ್ಲೇ ಇದೆ. ಮೊನ್ನೆ ಅದರ ಕೆಳಗೆ ಮೊದಲ ಉತ್ತರ ಬಂತು. ಬರೆದವರು ದುರ್ಗದಬೈಲಿನ ಕಾಕಾ: ‘ಕಡಿಮಿ ಅಂದ್ರ ಎಷ್ಟು ಹಾಕಬೇಕ್ರಿ?’